ಚಿಕನ್, ಆ್ಯಂಟಿಬಯೋಟಿಕ್, ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಶುವೈದ್ಯ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೋಳಿ ಶೆಡ್ಡುಗಳಿಗೆ ಓಡಾಡುತ್ತಲೇ ಬಹಳ ವರ್ಷ ಕಳೆದಿವೆ. ಮದುವೆ ಊಟದ ಸಾಲಿನಲ್ಲಿ ಕೂತಾಗ, ಬಸ್ಸಿನಲ್ಲಿ ಪಕ್ಕದವರು ಮಾತಿಗೆ ಸಿಕ್ಕಾಗ, ನನ್ನ ಕೆಲಸ ಏನೆಂದು ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಫಾರಂ ಕೋಳಿ ತಿನ್ನಬಹುದಾ?" ತಿನ್ನಬಹುದು. ನಾನೂ ತಿನ್ನುತ್ತೇನೆ, ನನ್ನ ಮಕ್ಕಳಿಗೂ ಕೊಡುತ್ತೇನೆ. ಹಾಗಂತ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಜನ ಹೆದರುವುದು ಒಂದಕ್ಕೆ, ನಿಜವಾಗಿ ಹೆದರಬೇಕಾದ್ದು ಇನ್ನೊಂದಕ್ಕೆ. ಅದನ್ನು ಬಿಡಿಸಿ ಹೇಳಲು ಈ ಪ್ರಶ್ನೋತ್ತರ.

ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಅಂದರೆ ಏನು? ಅದು ಕೋಳಿಯಲ್ಲಿ ಹೇಗೆ ಬರುತ್ತದೆ?

ಒಂದು ಕೋಳಿಯ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಬಹುಪಾಲು ನಿರುಪದ್ರವಿಗಳು. ಕುಡಿಯುವ ನೀರಿಗೆ ಆ್ಯಂಟಿಬಯೋಟಿಕ್ ಬೆರೆಸಿದಾಗ ಅದಕ್ಕೆ ಬಗ್ಗುವವು ಸಾಯುತ್ತವೆ. ಎಲ್ಲೋ ಕೆಲವು ಔಷಧವನ್ನು ತಡೆದುಕೊಂಡು ಉಳಿಯುತ್ತವೆ. ಪಕ್ಕದವೆಲ್ಲ ಸತ್ತ ಮೇಲೆ ಜಾಗವೂ ಮೇವೂ ಉಳಿದವಕ್ಕೇ. ಕೆಲವೇ ದಿನದಲ್ಲಿ ಅವೇ ಹೆಚ್ಚಾಗುತ್ತವೆ. ಒಂದೇ ಕಳೆನಾಶಕವನ್ನು ವರ್ಷ ವರ್ಷವೂ ಹೊಡೆದ ಹೊಲದಲ್ಲಿ ಕೊನೆಗೆ ಅದಕ್ಕೆ ಜಗ್ಗದ ಕಳೆಯೇ ತುಂಬಿಕೊಳ್ಳುತ್ತದಲ್ಲ, ಹಾಗೆ.

ಕಳೆಗೂ ಬ್ಯಾಕ್ಟೀರಿಯಾಕ್ಕೂ ಒಂದು ವ್ಯತ್ಯಾಸ ಇದೆ. ಕಳೆ ತನ್ನ ಗುಣವನ್ನು ತನ್ನ ಬೀಜಕ್ಕೆ ಮಾತ್ರ ಕೊಡುತ್ತದೆ. ಬ್ಯಾಕ್ಟೀರಿಯಾ ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಪ್ಲಾಸ್ಮಿಡ್ ಎನ್ನುವ ಚಿಕ್ಕ ಡಿಎನ್‌ಎ ಉಂಗುರದಲ್ಲಿ ಈ ಗುಣ ಬರೆದಿರುತ್ತದೆ. ಪರೀಕ್ಷಾ ಹಾಲ್‌ನಲ್ಲಿ ಚೀಟಿ ದಾಟಿಸಿದ ಹಾಗೆ ಅದು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಕೋಳಿಯ ಕರುಳಿನ ಸಾಧು ಬ್ಯಾಕ್ಟೀರಿಯಾ ಕೊಟ್ಟ ಚೀಟಿ ನಾಳೆ ಮನುಷ್ಯನ ರೋಗಾಣುವಿನ ಕೈಯಲ್ಲಿ ಇರಬಹುದು.

ಚಿಕನ್‌ನಲ್ಲಿ ಆ್ಯಂಟಿಬಯೋಟಿಕ್ ಇರುತ್ತೆ ಅಂತ ಪೇಪರ್‌ನಲ್ಲಿ ಬರುತ್ತದಲ್ಲ, ಅದೇ ಇದಾ?

ಎರಡೂ ಬೇರೆ ಬೇರೆ. ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಒಂದು, ಮಾಂಸದಲ್ಲಿ ಉಳಿದುಬಿಡುವ ಔಷಧದ ಅಂಶ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ದೆಹಲಿ ಸುತ್ತಮುತ್ತಲಿನ 70 ಚಿಕನ್ ಮಾದರಿಗಳನ್ನು ಪರೀಕ್ಷೆ ಮಾಡಿದರು. 40 ಶೇಕಡಾ ಮಾದರಿಗಳಲ್ಲಿ ಔಷಧದ ಅಂಶ ಸಿಕ್ಕಿತು. ದೇಶದಲ್ಲಿ ಈ ಚರ್ಚೆ ಜೋರಾಗಿದ್ದು ಆಗಲೇ.

ಇನ್ನೊಂದು, ಜೀವಂತ ಬ್ಯಾಕ್ಟೀರಿಯಾ. ಮಾಂಸದಲ್ಲಿ ಔಷಧದ ಒಂದು ಕಣವೂ ಉಳಿದಿಲ್ಲದಿರಬಹುದು, ಆದರೂ ಅದರ ಮೇಲೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಕೂತಿರಬಹುದು. ಔಷಧ ಕೊಟ್ಟು ತಿಂಗಳಾದ ಮೇಲೆ ಅಂಶ ಮಾಯವಾಗುತ್ತದೆ, ಬ್ಯಾಕ್ಟೀರಿಯಾ ಮಾಯವಾಗುವುದಿಲ್ಲ. ಹಾಗಾಗಿ "ಔಷಧದ ಅಂಶ ಇಲ್ಲ" ಅಂತ ಲ್ಯಾಬ್ ವರದಿ ಬಂದರೆ ಅದು ಒಳ್ಳೆಯ ಸುದ್ದಿ, ಅರ್ಧ ಸುದ್ದಿ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಚಿಂತೆ. ಇಲ್ಲಿಂದ ಮುಂದೆ ಮಾತಾಡುವುದೂ ಅದರ ಬಗ್ಗೆಯೇ.

ಯಾವ ಯಾವ ಬ್ಯಾಕ್ಟೀರಿಯಾ?

ಮುಖ್ಯವಾಗಿ ಮೂರು. ಸಾಲ್ಮೊನೆಲ್ಲಾ: ತಿಂದು ಆರು ಗಂಟೆಯಿಂದ ಮೂರು ದಿನದೊಳಗೆ ಜ್ವರ, ಹೊಟ್ಟೆ ನುಲಿತ, ಭೇದಿ. ಕ್ಯಾಂಪೈಲೋಬ್ಯಾಕ್ಟರ್: ಸಾಮಾನ್ಯವಾಗಿ ಎರಡರಿಂದ ಐದು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ಭೇದಿಯಲ್ಲಿ ರಕ್ತ. ಭಾನುವಾರ ತಿಂದದ್ದಕ್ಕೆ ಗುರುವಾರ ಹೊಟ್ಟೆ ಕೆಟ್ಟರೆ ಯಾರು ತಾನೇ ಚಿಕನ್ ನೆನಪು ಮಾಡಿಕೊಳ್ಳುತ್ತಾರೆ? ಕೋಳಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಅಪರೂಪಕ್ಕೆ, ಸಾವಿರಕ್ಕೆ ಒಬ್ಬರಿಗೆ ಎನ್ನುವ ಲೆಕ್ಕದಲ್ಲಿ, ಈ ಸೋಂಕಿನ ನಂತರ ಗಿಲ್ಲನ್-ಬಾರೆ ಎನ್ನುವ ನರದ ಕಾಯಿಲೆ ಬಂದು ಕೈಕಾಲು ಸೋಲುತ್ತವೆ.

ಮೂರನೆಯದು ಇ. ಕೋಲೈ. ಇದರ ಬಹುಪಾಲು ತಳಿಗಳು ಭೇದಿ ಮಾಡುವುದಿಲ್ಲ. ಸುಮ್ನೆ ನಮ್ಮ ಕರುಳಿನಲ್ಲಿ ಮನೆ ಮಾಡಿಕೊಳ್ಳುತ್ತವೆ. ಮುಂದೊಂದು ದಿನ ಮೂತ್ರದ ಸೋಂಕಾಗಿಯೋ, ಆಪರೇಷನ್ ಆದ ಮೇಲೆ ರಕ್ತಕ್ಕೆ ಸೇರಿಯೋ ತಲೆ ಎತ್ತಬಹುದು. ಆಗ ಡಾಕ್ಟರು ಕೊಟ್ಟ ಮೊದಲ ಮಾತ್ರೆ ಕೆಲಸ ಮಾಡದಿದ್ದರೆ ಅದರ ಮೂಲ ಎಲ್ಲಿ ಅಂತ ಹುಡುಕುವುದು ಬಹಳ ಕಷ್ಟ. ಎಲ್ಲವೂ ಕೋಳಿಯಿಂದಲೇ ಬರುತ್ತದೆ ಅಂತಲ್ಲ. ಆಸ್ಪತ್ರೆಗಳು, ಚರಂಡಿ ನೀರು, ನಾವೇ ನುಂಗುವ ಮಾತ್ರೆಗಳು, ಇವೂ ದೊಡ್ಡ ಮೂಲಗಳೇ.

ನಮ್ಮ ದೇಶದ ಫಾರಂಗಳಲ್ಲಿ ಇದು ನಿಜವಾಗಿ ಇದೆಯಾ, ಸುಮ್ನೆ ಹೆದರಿಸುತ್ತಾರಾ?

ಇದೆ. ಪಂಜಾಬಿನ 18 ಕೋಳಿ ಫಾರಂಗಳಲ್ಲಿ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. 530 ಕೋಳಿಗಳಿಂದ 1,556 ಇ. ಕೋಲೈ ಮಾದರಿ ತೆಗೆದು ನೋಡಿದರು. ಹಲವು ಮುಖ್ಯ ಆ್ಯಂಟಿಬಯೋಟಿಕ್‌ಗಳನ್ನು ಒಡೆದು ಹಾಕುವ ಇಎಸ್‌ಬಿಎಲ್ ಎನ್ನುವ ಗುಂಪಿನ ಇ. ಕೋಲೈ ಮೊಟ್ಟೆ ಕೋಳಿ ಫಾರಂಗಳಲ್ಲಿ 42 ಶೇಕಡಾ ಇತ್ತು. ಮಾಂಸದ ಕೋಳಿ ಫಾರಂಗಳಲ್ಲಿ 87 ಶೇಕಡಾ. ಎರಡರ ಮಧ್ಯೆ ಇಷ್ಟು ಅಂತರ ಇದೆ ನೋಡಿ. ಕೋಳಿ ಜಾತಿ ಒಂದೇ, ಸಾಕುವ ರೀತಿ ಬೇರೆ. ಅಂದರೆ ರೀತಿ ಬದಲಾಯಿಸಿದರೆ ಅಂಕಿ ಬದಲಾಗುತ್ತದೆ ಅಂತಲೂ ಅರ್ಥ.

ಫಾರಂನಲ್ಲಿ ಅಷ್ಟೊಂದು ಔಷಧ ಯಾಕೆ ಕೊಡುತ್ತಾರೆ? ರೈತರಿಗೆ ಗೊತ್ತಾಗಲ್ವಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ಒಂದು ಶೆಡ್ಡಿನೊಳಗೆ ಕರೆದುಕೊಂಡು ಹೋಗುತ್ತೇನೆ, ಬನ್ನಿ.

ಚಳಿಗಾಲ. ಐದು ಸಾವಿರ ಮರಿ ಬಿಟ್ಟು 22ನೇ ದಿನ. ರಾತ್ರಿ ಥಂಡಿ ಅಂತ ಎರಡೂ ಕಡೆ ಪರದೆ ಪೂರ್ತಿ ಇಳಿಸಿದ್ದಾರೆ. ಬಾಗಿಲು ತೆಗೆದ ಕೂಡಲೇ ಕಣ್ಣು ಉರಿಯುತ್ತದೆ. ಅದು ಅಮೋನಿಯಾ. ನೀರಿನ ನಿಪ್ಪಲ್ ಸೋರಿ ಕೆಳಗಿನ ಭತ್ತದ ಹೊಟ್ಟು ಹಸಿಯಾಗಿ ಹೆಂಟೆ ಕಟ್ಟಿದೆ. ಲೈಟ್ ಆರಿಸಿ ಎರಡು ನಿಮಿಷ ಸುಮ್ನೆ ನಿಂತರೆ ಕೋಳಿಗಳ ಉಸಿರಿನ ಗೊರ ಗೊರ ಸದ್ದು ಕೇಳುತ್ತದೆ. ರೈತರ ಮಾತಲ್ಲಿ ಇದು ಸಿಆರ್‌ಡಿ, ಅಂದರೆ ಬೇಗ ಬಿಡದ ಉಸಿರಾಟದ ಕಾಯಿಲೆ. ಅದರ ಹಿಂದೆಯೇ ಇ. ಕೋಲೈ ಸೋಂಕು ಬರುತ್ತದೆ. ಇವತ್ತು ಹತ್ತು ಸತ್ತಿವೆ, ನಾಳೆ ಮೂವತ್ತು ಸಾಯಬಹುದು. ಇನ್ನು ಎರಡು ವಾರ ತಳ್ಳಿದರೆ ಲಾರಿ ಬರುತ್ತದೆ, ತೂಕ ಆಗುತ್ತದೆ, ಕೈಗೆ ದುಡ್ಡು ಬರುತ್ತದೆ.

ಈಗ ಆ ಮನುಷ್ಯನ ಲೆಕ್ಕ ನೋಡಿ. ನಮ್ಮ ಕಡೆ ಬಹಳ ಶೆಡ್ಡುಗಳು ನಡೆಯುವುದು ಒಪ್ಪಂದದ ಮೇಲೆ. ಮರಿ, ಫೀಡ್, ಔಷಧ ಎಲ್ಲ ಕಂಪನಿಯದು. ಶೆಡ್ಡು, ಕರೆಂಟು, ನೀರು, ದುಡಿಮೆ ರೈತರದು. ಬೆಳೆದ ಕೋಳಿಗೆ ಕೆ.ಜಿ. ಲೆಕ್ಕದಲ್ಲಿ ಸಾಕಣೆ ದುಡ್ಡು. ಸಾವು ಹೆಚ್ಚಾದರೆ, ಫೀಡ್ ತಿಂದಷ್ಟು ತೂಕ ಬರದಿದ್ದರೆ ದರ ಇಳಿಯುತ್ತದೆ. ಶೆಡ್ಡಿನ ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಹತ್ತಿರದ ಅಂಗಡಿಯಲ್ಲಿ ಒಂದು ಡಬ್ಬಿ ಪೌಡರ್ ಸಿಗುತ್ತದೆ. ಟ್ಯಾಂಕಿಗೆ ಸುರಿದರೆ ಐದು ಸಾವಿರ ಕೋಳಿಗೂ ಆಯಿತು. ಕಾಯಿಲೆ ಬಂದ ಇನ್ನೂರಕ್ಕೂ, ಬರದ ನಾಲ್ಕು ಸಾವಿರದ ಎಂಟುನೂರಕ್ಕೂ.

ರೈತರನ್ನು ಬೈದು ಉಪಯೋಗ ಇಲ್ಲ ಅಂತ ನಾನು ಹೇಳುವುದು ಅದಕ್ಕೇ. ಪರದೆ ಒಂದು ಅಡಿ ಮೇಲೆತ್ತಿ, ಹಸಿ ಹೊಟ್ಟು ತೆಗೆದು ಒಣಗಿದ್ದು ಹಾಕಿ, ನಿಪ್ಪಲ್ ರಿಪೇರಿ ಮಾಡಿದ್ದರೆ ಮೊದಲಿಗೇ ಅರ್ಧ ಕಾಯಿಲೆ ಬರುತ್ತಿರಲಿಲ್ಲ. ಆದರೆ ಅದನ್ನು ಹತ್ತನೇ ದಿನವೇ ಬಂದು ಹೇಳುವ ಡಾಕ್ಟರು ಆ ಹಳ್ಳಿಯಲ್ಲಿ ಇರಲಿಲ್ಲ. ಪೌಡರ್ ಡಬ್ಬಿ ಇತ್ತು.

ಇದಲ್ಲದೆ ಕಾಯಿಲೆಯೇ ಇಲ್ಲದಾಗಲೂ "ಮುಂಜಾಗ್ರತೆಗೆ" ಅಂತ ಕೊಡುವುದು, ತೂಕ ಬೇಗ ಬರಲಿ ಅಂತ ಫೀಡ್‌ನಲ್ಲೇ ಸಣ್ಣ ಪ್ರಮಾಣದಲ್ಲಿ ಬೆರೆಸುವುದೂ ಇದೆ. ಇದಕ್ಕೆ ನನ್ನ ಬಳಿ ಯಾವ ಸಮಾಧಾನವೂ ಇಲ್ಲ. ಯುರೋಪಿನ ಒಕ್ಕೂಟ ಬೆಳವಣಿಗೆಗಾಗಿ ಆ್ಯಂಟಿಬಯೋಟಿಕ್ ಬೆರೆಸುವುದನ್ನು 2006ರಲ್ಲೇ ನಿಲ್ಲಿಸಿತು. ಅಮೆರಿಕ 2017ರಿಂದ ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಗಳನ್ನು ಈ ಕೆಲಸಕ್ಕೆ ಬಳಸುವುದನ್ನು ನಿಲ್ಲಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಆರೋಗ್ಯವಾಗಿರುವ ಪ್ರಾಣಿಗೆ ಇವನ್ನು ಕೊಡಬೇಡಿ ಅಂತ ಹೇಳಿತು.

ಕೊಲಿಸ್ಟಿನ್ ಬ್ಯಾನ್ ಆಯಿತು ಅಂತ ಕೇಳಿದ್ದೆ. ಅದರಲ್ಲಿ ಏನು ವಿಶೇಷ?

ಕೊಲಿಸ್ಟಿನ್ ಹಳೆಯ ಔಷಧ. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ ಮನುಷ್ಯರಿಗೆ ಕೊಡುವುದನ್ನು ಡಾಕ್ಟರುಗಳು ಒಂದು ಕಾಲದಲ್ಲಿ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದರು. ಆಮೇಲೆ ಐಸಿಯುಗಳಲ್ಲಿ ಬೇರೆ ಯಾವುದಕ್ಕೂ ಜಗ್ಗದ ಸೋಂಕುಗಳು ಶುರುವಾದವು. ಕೊನೆಯ ಅಸ್ತ್ರವಾಗಿ ಮತ್ತೆ ಇದನ್ನೇ ಕೈಗೆ ತೆಗೆದುಕೊಳ್ಳಬೇಕಾಯಿತು. ಅದೇ ಹೊತ್ತಿಗೆ ಅದೇ ಔಷಧ ಕೋಳಿ ಫೀಡ್‌ನಲ್ಲಿ ಚೀಲಗಟ್ಟಲೆ ಹೋಗುತ್ತಿತ್ತು.

2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಎಂಸಿಆರ್-1 ಎನ್ನುವ ಜೀನ್ ಬಗ್ಗೆ ಬರೆದರು. ಕೊಲಿಸ್ಟಿನ್ ತಡೆದುಕೊಳ್ಳುವ ಗುಣ ಪ್ಲಾಸ್ಮಿಡ್ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಆಗಲೇ ಹೇಳಿದೆನಲ್ಲ, ಚೀಟಿ. ಅದು ಪ್ರಾಣಿಗಳಲ್ಲೂ, ಹಸಿ ಮಾಂಸದಲ್ಲೂ, ರೋಗಿಗಳಲ್ಲೂ ಸಿಕ್ಕಿತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು ಮತ್ತು ಫೀಡ್‌ಗೆ ಕೊಲಿಸ್ಟಿನ್ ತಯಾರಿಸುವುದು, ಮಾರುವುದು, ಹಂಚುವುದು ಎಲ್ಲವನ್ನೂ ನಿಷೇಧಿಸಿತು. ಈ ವಿಚಾರದಲ್ಲಿ ನಮ್ಮ ದೇಶ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಒಂದು.

ಚೆನ್ನಾಗಿ ಬೇಯಿಸಿದರೆ ಎಲ್ಲ ಸಾಯುತ್ತಲ್ಲ? ಮತ್ತೇನು ಭಯ?

ಸಾಯುತ್ತದೆ. ಔಷಧಕ್ಕೆ ಜಗ್ಗದಿದ್ದರೂ ಬೆಂಕಿಗೆ ಜಗ್ಗಲೇಬೇಕು. ಮಾಂಸದ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ನಮ್ಮ ಕೋಳಿ ಸಾರು, ಕುಕ್ಕರ್‌ನಲ್ಲಿ ಕೂಗಿಸಿದ ಚಿಕನ್, ದಮ್ ಬಿರಿಯಾನಿ ಇವೆಲ್ಲ ಅದನ್ನು ಸಲೀಸಾಗಿ ದಾಟುತ್ತವೆ. ಕುದಿಸಿ ಬೇಯಿಸುವ ನಮ್ಮ ಪದ್ಧತಿ ನಮ್ಮನ್ನು ತುಂಬ ಕಾಪಾಡಿದೆ.

ಎಚ್ಚರ ಬೇಕಾಗಿರುವುದು ಬೇರೆ ಕಡೆ. ದೊಡ್ಡ ಪೀಸನ್ನು ಜೋರು ಉರಿಯಲ್ಲಿ ಬೇಗ ಕರಿದ ಕಬಾಬ್, ಗ್ರಿಲ್, ತಂದೂರಿ, ಶವರ್ಮಾ. ಹೊರಗೆ ಗರಿಗರಿ, ಮೂಳೆ ಹತ್ತಿರ ಇನ್ನೂ ಹಸಿ. ಹಿಂದೆಲ್ಲ ಕೆಂಪು ಬಣ್ಣ ಸುರಿದ ಕಬಾಬ್‌ನಲ್ಲಿ ಬೆಂದಿದೆಯೋ ಇಲ್ಲವೋ ನೋಡಿ ಹೇಳಲೂ ಆಗುತ್ತಿರಲಿಲ್ಲ. 2024ರಲ್ಲಿ ನಮ್ಮ ರಾಜ್ಯ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಬೇರೆ ಕಾರಣಕ್ಕೆ. ಆದರೂ ಈ ಒಂದು ಅನುಕೂಲ ಆಗಿದೆ.

ಇನ್ನು, ಬೆಂಕಿ ಕಾಪಾಡುವುದು ತಿನ್ನುವವರನ್ನು ಮಾತ್ರ. ಹಸಿ ಚಿಕನ್ ಮುಟ್ಟುವ ಕೈ, ಸಿಂಕು, ಚಾಕು ಬೆಂಕಿಯ ಮೇಲೆ ಹೋಗುವುದಿಲ್ಲವಲ್ಲ. ಮನೆಯಲ್ಲಿ ಸೋಂಕು ಹತ್ತುವುದು ಸಾರಿನ ಪಾತ್ರೆಯಿಂದ ಅಲ್ಲ, ಅದರ ಪಕ್ಕದಲ್ಲಿ ಅದೇ ಮಣೆಯ ಮೇಲೆ ಹೆಚ್ಚಿದ ಈರುಳ್ಳಿ, ಸೌತೆಕಾಯಿಯಿಂದ.

ಹಾಗಾದರೆ ಚಿಕನ್ ತೊಳೆಯಲೇಬಾರದಾ?

ಪುಸ್ತಕದ ಉತ್ತರ: ತೊಳೆಯಬೇಡಿ. ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಹನಿ ಹನಿಯಾಗಿ ಸುತ್ತಲೂ ಸಿಡಿಯುತ್ತದೆ.

ಆದರೆ ಆ ಸಲಹೆ ಬರೆದವರ ದೇಶದಲ್ಲಿ ಚಿಕನ್ ಪ್ಯಾಕೆಟ್‌ನಲ್ಲಿ ಶುಚಿಯಾಗಿ ಬರುತ್ತದೆ. ನಮ್ಮಲ್ಲಿ ಬೀದಿ ಕೊನೆಯ ಅಂಗಡಿಯಲ್ಲಿ ಕಣ್ಣೆದುರೇ ಕೊಯ್ದು, ಮರದ ದಿಮ್ಮಿಯ ಮೇಲೆ ಕತ್ತರಿಸಿ, ಕಪ್ಪು ಕವರ್‌ಗೆ ಹಾಕಿ ಕೊಡುತ್ತಾರೆ. ಅದರಲ್ಲಿ ರಕ್ತ ಇರುತ್ತದೆ, ಮೂಳೆ ಚೂರು ಇರುತ್ತದೆ, ಒಂದೆರಡು ಪುಕ್ಕವೂ ಇರಬಹುದು. ತೊಳೆಯಬೇಡಿ ಅಂದರೆ ನಮ್ಮಮ್ಮ ನನ್ನನ್ನೇ ಅಡುಗೆಮನೆಯಿಂದ ಆಚೆ ಕಳಿಸುತ್ತಾರೆ. ಅವರು ಹೇಳುವುದರಲ್ಲೂ ನ್ಯಾಯ ಇದೆ.

ಹಾಗಾಗಿ ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ನಲ್ಲಿಯ ಕೆಳಗೆ ಹಿಡಿಯುವುದಿಲ್ಲ. ಆಳವಾದ ಪಾತ್ರೆಯಲ್ಲಿ ಮೊದಲು ನೀರು ತುಂಬಿಸಿ, ಚಿಕನ್ ಮೆಲ್ಲಗೆ ಇಳಿಸಿ, ನೀರಿನೊಳಗೇ ಕೈಯಾಡಿಸಿ, ಆ ನೀರನ್ನು ಸಿಡಿಯದ ಹಾಗೆ ನಿಧಾನವಾಗಿ ಬಗ್ಗಿಸುತ್ತೇವೆ. ಶುರು ಮಾಡುವ ಮೊದಲೇ ಸಿಂಕಿನಲ್ಲಿದ್ದ ಲೋಟ, ತಟ್ಟೆ, ತರಕಾರಿ ಎಲ್ಲ ತೆಗೆದಿಡುತ್ತೇವೆ. ಮುಗಿದ ಮೇಲೆ ಸಿಂಕು ಮತ್ತು ಕಟ್ಟೆಯನ್ನು ಸೋಪು ಹಾಕಿ ಉಜ್ಜಿ, ಮೇಲೆ ಕುದಿಯುವ ನೀರು ಸುರಿಯುತ್ತೇವೆ. ನಲ್ಲಿಯ ತಿರುಗಣೆಯನ್ನೂ ಮರೆಯುವುದಿಲ್ಲ. ಚಿಕನ್ ಮುಟ್ಟಿದ ಕೈಯಲ್ಲಿ ಮೊದಲು ತಿರುಗಿಸುವುದು ಅದನ್ನೇ ಅಲ್ವಾ?

2019ರಲ್ಲಿ ಅಮೆರಿಕದ ಕೃಷಿ ಇಲಾಖೆ ಜನ ಅಡುಗೆ ಮಾಡುವುದನ್ನು ಗಮನಿಸಿ ಒಂದು ಅಧ್ಯಯನ ಮಾಡಿತು. ಚಿಕನ್ ತೊಳೆದವರಲ್ಲಿ 60 ಶೇಕಡಾ ಜನರ ಸಿಂಕಿನಲ್ಲಿ ಬ್ಯಾಕ್ಟೀರಿಯಾ ಉಳಿದಿತ್ತು. 26 ಶೇಕಡಾ ಜನರ ಸಲಾಡ್‌ಗೆ ಅದು ದಾಟಿತ್ತು. ಆದರೆ ತೊಳೆಯದೇ ಇದ್ದವರಲ್ಲೂ 31 ಶೇಕಡಾ ಜನರ ಸಲಾಡ್‌ಗೆ ದಾಟಿತ್ತು! ಕಾರಣ, ಕೈ ಸರಿಯಾಗಿ ತೊಳೆದಿರಲಿಲ್ಲ. ಆದ್ದರಿಂದ ಚಿಕನ್ ತೊಳೆಯುವ, ಬಿಡುವ ವಾದ ಆಮೇಲೆ ಇಟ್ಟುಕೊಳ್ಳೋಣ. ಸೋಪಿನಲ್ಲಿ ಕೈ ತೊಳೆಯಿರಿ.

ಅರಿಶಿನ, ಉಪ್ಪು, ನಿಂಬೆಹಣ್ಣು ಹಚ್ಚಿಟ್ಟರೆ ಸಾಯಲ್ವಾ?

ಮನೆಯಲ್ಲಿ ಹಚ್ಚುವ ಪ್ರಮಾಣದಲ್ಲಿ ಅದನ್ನು ನಂಬಿಕೊಳ್ಳಲು ಆಗುವುದಿಲ್ಲ. ವಾಸನೆ ಹೋಗುತ್ತದೆ, ರುಚಿ ಬರುತ್ತದೆ, ಹಚ್ಚಿ. ಕೊಲ್ಲುವ ಕೆಲಸ ಒಲೆಗೆ ಬಿಡಿ. ಮಸಾಲೆ ಹಚ್ಚಿ ನೆನೆಯಲು ಬಿಡುವುದಾದರೆ ಕಟ್ಟೆಯ ಮೇಲೆ ಬಿಡಬೇಡಿ, ಫ್ರಿಜ್‌ನಲ್ಲಿ ಇಡಿ.

ಫ್ರೀಜರ್‌ನಲ್ಲಿ ಇಟ್ಟರೆ?

ಸಾಯುವುದಿಲ್ಲ, ನಿದ್ದೆ ಮಾಡುತ್ತವೆ. ಹೊರಗೆ ತೆಗೆದು ಕರಗಿದ ಮೇಲೆ ಎದ್ದು ಕೆಲಸ ಶುರು ಮಾಡುತ್ತವೆ. ಕರಗಿಸುವುದನ್ನೂ ಫ್ರಿಜ್‌ನ ಕೆಳಗಿನ ಅರೆಯಲ್ಲೇ, ತಟ್ಟೆಯ ಮೇಲಿಟ್ಟು ಮಾಡಿ. ಮೇಲಿನ ಅರೆಯಲ್ಲಿಟ್ಟು ಆ ನೀರು ಕೆಳಗಿನ ಕೊತ್ತಂಬರಿ ಸೊಪ್ಪಿನ ಮೇಲೆ ತೊಟ್ಟಿಕ್ಕಿದ್ದನ್ನು ನಾನು ನೋಡಿದ್ದೇನೆ. ಬೆಂದ ಸಾರನ್ನೂ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ.

ನಾಟಿ ಕೋಳಿ ತಿಂದರೆ ಈ ತಲೆನೋವು ಇಲ್ಲ ಅಲ್ವಾ?

ಹಿತ್ತಲಲ್ಲಿ ಮೇಯ್ದು ಬೆಳೆದ ನಾಟಿ ಕೋಳಿಗೆ ಔಷಧ ಕಡಿಮೆ. ಅದು ನಿಜ. ಆದರೆ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಅದರ ಕರುಳಿನಲ್ಲೂ ಇರಬಹುದು. ಪಕ್ಕದ ಶೆಡ್ಡಿನ ಗೊಬ್ಬರ ಕೆದಕಿದರೆ, ಚರಂಡಿ ನೀರು ಕುಡಿದರೆ ಜಗ್ಗದ ಬ್ಯಾಕ್ಟೀರಿಯಾವೂ ಸೇರಿಕೊಳ್ಳುತ್ತದೆ. ಜೊತೆಗೆ, ಈಗ ಪೇಟೆಯಲ್ಲಿ "ನಾಟಿ" ಅಂತ ಮಾರುವುದೆಲ್ಲ ಹಿತ್ತಲಿನ ಕೋಳಿಯಲ್ಲ. ಗಿರಿರಾಜ, ಸ್ವರ್ಣಧಾರಾದಂಥ ತಳಿಗಳನ್ನು ಶೆಡ್ಡಿನಲ್ಲೇ ಸಾಕಿ ಮಾರುವವರಿದ್ದಾರೆ. ಒಳ್ಳೆಯ ತಳಿಗಳೇ. ಆದರೆ ಔಷಧ ಕೊಟ್ಟರೋ ಇಲ್ಲವೋ ಎನ್ನುವುದನ್ನು ತಳಿಯ ಹೆಸರು ಹೇಳುವುದಿಲ್ಲ. ರುಚಿಗೆ ತಿನ್ನಿ. ಅಡುಗೆಮನೆಯ ನಿಯಮ ಎರಡಕ್ಕೂ ಒಂದೇ.

ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು 40 ದಿನಕ್ಕೆ ಬೆಳೆಸುತ್ತಾರಂತೆ?

ಇಲ್ಲ. ಸಾವಿರಾರು ಕೋಳಿಗೆ ಒಂದೊಂದಾಗಿ ಹಿಡಿದು ಸೂಜಿ ಚುಚ್ಚುವುದು ಖರ್ಚಿನ ದೃಷ್ಟಿಯಿಂದಲೇ ಆಗದ ಮಾತು. ಬೇಗ ಬೆಳೆಯುವುದು ದಶಕಗಳ ತಳಿ ಆಯ್ಕೆ ಮತ್ತು ಲೆಕ್ಕ ಹಾಕಿ ಮಾಡಿದ ಫೀಡ್‌ನಿಂದ. ಈ ವಾಟ್ಸ್‌ಆ್ಯಪ್ ಮಾತು ನನಗೆ ಬೇಸರ ತರಿಸುವುದು ಯಾಕೆಂದರೆ, ಇಲ್ಲದ ಹಾರ್ಮೋನ್‌ಗೆ ಹೆದರಿ ಜನ ಇರುವ ಆ್ಯಂಟಿಬಯೋಟಿಕ್ ಬಗ್ಗೆ ಕೇಳುವುದನ್ನೇ ಬಿಟ್ಟಿದ್ದಾರೆ.

ಟೈಫಾಯ್ಡ್ ಕೋಳಿಯಿಂದ ಬರುತ್ತದಾ? ಅದೂ ಸಾಲ್ಮೊನೆಲ್ಲಾ ಅಂತಾರೆ.

ಹೆಸರು ಒಂದೇ ಕುಟುಂಬದ್ದು, ದಾರಿ ಬೇರೆ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಮನುಷ್ಯನಲ್ಲಿ ಮಾತ್ರ ಬದುಕುತ್ತದೆ. ಅದು ಬರುವುದು ಮನುಷ್ಯನ ಮಲ ಸೇರಿದ ನೀರು, ಆಹಾರದಿಂದ. ಕೋಳಿಯಿಂದ ಬರುವುದು ಬೇರೆ ತಳಿಗಳು.

ಮೊಟ್ಟೆ?

ಬೇಯಿಸಿ ತಿನ್ನಿ. ಹಸಿ ಮೊಟ್ಟೆ ಹಾಲಿಗೆ ಹಾಕಿ ಕುಡಿಯುವುದನ್ನು ಬಿಡಿ, ಜಿಮ್ ಹುಡುಗರಿಗೂ ಇದೇ ಮಾತು. ಹಸಿ ಮೊಟ್ಟೆಯಿಂದ ಮಾಡಿದ ಮಯೋನೀಸ್ ಅಪಾಯಕಾರಿ. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದನ್ನು ನಿಷೇಧಿಸಿದವು. ಶವರ್ಮಾ ತಿನ್ನುವಾಗ ಜನ ಮಾಂಸವನ್ನೇ ಅನುಮಾನಿಸುತ್ತಾರೆ. ಎಷ್ಟೋ ಸಲ ತಪ್ಪು ಆ ಬಿಳಿ ಸಾಸ್‌ನದು.

ಚಿಕನ್ ತಿಂದು ಭೇದಿ ಶುರುವಾದರೆ ಮೆಡಿಕಲ್ ಶಾಪಿನಿಂದ ಮಾತ್ರೆ ತಗೋಬಹುದಾ?

ಓಆರ್‌ಎಸ್ ತಗೊಳ್ಳಿ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪ್ಯಾಕೆಟ್ ಬೆರೆಸಿ, ಗುಟುಕು ಗುಟುಕಾಗಿ ಕುಡಿಯಿರಿ. ಗಂಜಿ, ಮಜ್ಜಿಗೆ ಕುಡಿಯಬಹುದು.

ಅಂಗಡಿಯವರು ಕತ್ತರಿಸಿ ಕೊಡುವ ನಾಲ್ಕು ಆ್ಯಂಟಿಬಯೋಟಿಕ್ ಮಾತ್ರೆ ಬೇಡ. ಆರೋಗ್ಯವಂತರಲ್ಲಿ ಈ ಭೇದಿ ಬಹುಪಾಲು ತಾನಾಗೇ ನಿಲ್ಲುತ್ತದೆ. ಸಾಮಾನ್ಯ ಸಾಲ್ಮೊನೆಲ್ಲಾ ಭೇದಿಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡರೆ ಆ ಬ್ಯಾಕ್ಟೀರಿಯಾ ಮಲದಲ್ಲಿ ಇನ್ನೂ ಹೆಚ್ಚು ದಿನ ಹೋಗುತ್ತಿರಬಹುದು. ಕ್ಯಾಂಪೈಲೋಬ್ಯಾಕ್ಟರ್ ಆಗಿದ್ದರೆ ಸಿಪ್ರೋಫ್ಲಾಕ್ಸಸಿನ್ ಜಾತಿಯ ಮಾತ್ರೆ ನಾಟದೇ ಹೋಗುವ ಸಾಧ್ಯತೆ ಹೆಚ್ಚು. ಅದೇ ಜಾತಿಯ ಎನ್ರೋಫ್ಲಾಕ್ಸಸಿನ್ ಅನ್ನು ಕೋಳಿಗೆ ಕೊಡುವುದರಿಂದ ಮನುಷ್ಯರ ಚಿಕಿತ್ಸೆ ಕೆಡುತ್ತಿದೆ ಅಂತಲೇ ಅಮೆರಿಕ 2005ರಲ್ಲಿ ಕೋಳಿಗೆ ಅದನ್ನು ನಿಷೇಧಿಸಿತು. ನಮ್ಮ ಶೆಡ್ಡುಗಳಲ್ಲಿ ಅದು ಮನೆಮಾತಾದ ಹೆಸರು.

ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದ್ದು ಯಾವಾಗ ಅಂದರೆ: ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಕುಡಿದದ್ದೆಲ್ಲ ವಾಂತಿ, ಮೂರು ದಿನ ದಾಟಿದರೂ ನಿಲ್ಲದ ಭೇದಿ. ಹಸುಗೂಸು, ಗರ್ಭಿಣಿ, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಕಿಡ್ನಿ ಕಸಿ ಆದವರು ಇವರಿಗೆ ಇಷ್ಟೂ ಕಾಯುವುದು ಬೇಡ. ಇವರಲ್ಲಿ ಬ್ಯಾಕ್ಟೀರಿಯಾ ಕರುಳು ದಾಟಿ ರಕ್ತಕ್ಕೆ ಹೋಗಬಹುದು. ಔಷಧ ನಾಟದಿದ್ದರೆ ಜೀವಕ್ಕೇ ಕುತ್ತು ಬರುವುದು ಆಗಲೇ.

ನಾವು ಚಿಕನ್ನೇ ತಿನ್ನಲ್ಲ. ನಮಗೇನು?

ಬೇಸರ ಮಾಡಿಕೊಳ್ಳಬೇಡಿ, ನಿಮಗೂ ಸಂಬಂಧ ಇದೆ. ಬ್ಯಾಚ್ ಮುಗಿದ ಮೇಲೆ ಶೆಡ್ಡಿನ ಲಿಟ್ಟರ್, ಅಂದರೆ ಹಿಕ್ಕೆ ಬೆರೆತ ಹೊಟ್ಟು, ಲಾರಿ ಹತ್ತಿ ದ್ರಾಕ್ಷಿ ತೋಟಕ್ಕೆ, ಶುಂಠಿ ಹೊಲಕ್ಕೆ, ತರಕಾರಿ ಬದುವಿಗೆ ಹೋಗುತ್ತದೆ. ಬಹಳ ಒಳ್ಳೆಯ ಗೊಬ್ಬರ ಅದು. ಹಸಿಯಾಗಿಯೇ ಸುರಿದರೆ ಅದರಲ್ಲಿದ್ದ ಬ್ಯಾಕ್ಟೀರಿಯಾ, ಔಷಧದ ಅಂಶ ಎರಡೂ ಮಣ್ಣಿಗೆ, ಮಳೆ ಬಂದರೆ ಕೆರೆಗೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ಟನ್ನು ಚೆನ್ನಾಗಿ ತೊಳೆಯಿರಿ ಅಂತ ಹೇಳುವುದು ಅದಕ್ಕೇ.

ಆಸ್ಪತ್ರೆಯ ಬೆಡ್ಡಿನ ಮೇಲೆ ಸಸ್ಯಾಹಾರಿ, ಮಾಂಸಾಹಾರಿ ಅಂತ ಬ್ಯಾಕ್ಟೀರಿಯಾ ನೋಡುವುದಿಲ್ಲ. 2019ರಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾದ ನೇರ ಕಾರಣದಿಂದ ಸತ್ತರು ಅಂತ ಅಂದಾಜು. ಇದರಲ್ಲಿ ಕೋಳಿಯ ಪಾಲು ಇಷ್ಟು ಅಂತ ಬೇರ್ಪಡಿಸಿದ ಲೆಕ್ಕ ಇದಲ್ಲ. ಎಲ್ಲ ಮೂಲಗಳೂ ಸೇರಿ ಆದದ್ದು.

ಈಗ ನಿಲ್ಲಿಸಿದರೂ ಏನು ಪ್ರಯೋಜನ? ಆಗಿದ್ದು ಆಗಿಹೋಗಿದೆಯಲ್ಲ?

ಪ್ರಯೋಜನ ಇದೆ. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು. ಅಲ್ಲಿ ಹ್ಯಾಚರಿಗಳಲ್ಲಿ, ಅಂದರೆ ಮೊಟ್ಟೆಯಿಂದ ಮರಿ ಮಾಡಿಸುವ ಕಡೆ, ಮೊಟ್ಟೆಗೇ ಸೆಫ್ಟಿಯೋಫರ್ ಎನ್ನುವ ಆ್ಯಂಟಿಬಯೋಟಿಕ್ ಚುಚ್ಚುತ್ತಿದ್ದರು. ಇದು ಮನುಷ್ಯರಿಗೆ ಕೊಡುವ ಸೆಫ್ಟ್ರಿಯಾಕ್ಸೋನ್‌ನ ಹತ್ತಿರದ ಸಂಬಂಧಿ. ಅಂಗಡಿ ಚಿಕನ್‌ನಲ್ಲೂ ರೋಗಿಗಳಲ್ಲೂ ಇದಕ್ಕೆ ಜಗ್ಗದ ಸಾಲ್ಮೊನೆಲ್ಲಾ ಹೆಚ್ಚಾಗಿದ್ದು ಕಂಡಿತು. 2005ರ ಆರಂಭದಲ್ಲಿ ಹ್ಯಾಚರಿಯವರು ತಾವಾಗೇ ನಿಲ್ಲಿಸಿದರು. 2004ರಲ್ಲಿ ಚಿಕನ್‌ನ ಸಾಲ್ಮೊನೆಲ್ಲಾ ಹೈಡಲ್‌ಬರ್ಗ್ ತಳಿಯಲ್ಲಿ 62 ಶೇಕಡಾ ಔಷಧಕ್ಕೆ ಜಗ್ಗುತ್ತಿರಲಿಲ್ಲ. 2006ಕ್ಕೆ ಅದು 7ಕ್ಕೆ ಇಳಿಯಿತು. ರೋಗಿಗಳಲ್ಲಿ 36 ಇದ್ದದ್ದು 8ಕ್ಕೆ ಬಂತು. ಎರಡೇ ವರ್ಷ! ಆಮೇಲೆ 2007ರಲ್ಲಿ ಸ್ವಲ್ಪ ಸ್ವಲ್ಪ ಮತ್ತೆ ಶುರು ಮಾಡಿದರು. ಅಂಕಿ ಮತ್ತೆ ಏರತೊಡಗಿತು.

ಎಲ್ಲ ಔಷಧಗಳಲ್ಲೂ ಇಷ್ಟು ಬೇಗ ಇಳಿಯುವುದಿಲ್ಲ. ಆದರೆ "ಆಗಿಹೋಯಿತು" ಅಂತ ಕೈ ಚೆಲ್ಲುವವರಿಗೆ ನಾನು ಈ ಅಂಕಿಗಳನ್ನೇ ತೋರಿಸುತ್ತೇನೆ.

ನಾನು ಕೋಳಿ ಸಾಕುತ್ತೇನೆ. ಔಷಧ ಪೂರ್ತಿ ಬಿಟ್ಟರೆ ಬ್ಯಾಚೇ ಹೋಗುತ್ತದೆ. ಏನು ಮಾಡಲಿ?

ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಕಾಯಿಲೆ ಬಿದ್ದ ಕೋಳಿಗೆ ಚಿಕಿತ್ಸೆ ಬೇಕು. ಯಾವುದಕ್ಕೆ ಕೊಡುತ್ತಿದ್ದೀರಿ ಅಂತ ಗೊತ್ತಿರಲಿ ಅಷ್ಟೇ. ಕೊಕ್ಕರೆ ರೋಗ, ಗುಂಬೋರೋ ಎರಡೂ ವೈರಸ್‌ನಿಂದ ಬರುವಂಥವು. ಇವಕ್ಕೆ ಆ್ಯಂಟಿಬಯೋಟಿಕ್ ಸುರಿದರೆ ದುಡ್ಡು ನೀರಿಗೆ ಹೋದ ಹಾಗೆ. ಲಸಿಕೆಯನ್ನು ಹೇಳಿದ ದಿನವೇ, ತಣ್ಣಗಿಟ್ಟು ತಂದು, ಬ್ಲೀಚಿಂಗ್ ಪೌಡರ್ ಇಲ್ಲದ ನೀರಿನಲ್ಲಿ ಹಾಕಿ. ಲಸಿಕೆ ದಿನ ಬಿಟ್ಟು ಉಳಿದ ದಿನ ನೀರಿಗೆ ಕ್ಲೋರಿನ್ ತಪ್ಪಿಸಬೇಡಿ. ಹೊಟ್ಟನ್ನು ಕೆದಕುತ್ತಿರಿ. ಕೈಯಲ್ಲಿ ಹಿಡಿದು ಹಿಂಡಿದರೆ ಉಂಡೆ ಕಟ್ಟಬಾರದು. ನೀವು ಕೂತರೆ ಕೋಳಿಯ ಎತ್ತರದಲ್ಲಿ ನಿಮ್ಮ ಕಣ್ಣು ಉರಿಯಬಾರದು. ನಿಂತುಕೊಂಡು ವಾಸನೆ ನೋಡಿದರೆ ಗೊತ್ತಾಗುವುದಿಲ್ಲ, ಕೂತೇ ನೋಡಬೇಕು.

ಸಾವು ಏರಿದರೆ ಪೌಡರ್ ತರುವ ಮೊದಲು ಎರಡು ಸತ್ತ ಕೋಳಿಯನ್ನು ಕವರ್‌ಗೆ ಹಾಕಿ ಹತ್ತಿರದ ಪಶು ಆಸ್ಪತ್ರೆಗೆ ತನ್ನಿ. ಕೊಯ್ದು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಬೇಕಿದ್ದರೆ ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬಹುದು.

ಕೊಟ್ಟ ಮೇಲೆ ಎಷ್ಟು ದಿನ ಮಾರಬಾರದು ಅಂತ ಡಬ್ಬಿ ಮೇಲೆ ಓದಿ. ನಮ್ಮ ದೇಶದಲ್ಲಿ 2012ರಿಂದ ಒಂದು ನಿಯಮ ಇದೆ. ಆ ಅವಧಿ ನಿರ್ದಿಷ್ಟವಾಗಿ ಗೊತ್ತುಮಾಡಿರದ ಔಷಧಕ್ಕೆ ಮಾಂಸವಾದರೆ ಕನಿಷ್ಠ 28 ದಿನ, ಮೊಟ್ಟೆಯಾದರೆ ಕನಿಷ್ಠ 7 ದಿನ ಕಾಯಬೇಕು. ಬ್ರಾಯ್ಲರ್ ಶೆಡ್ಡಿನಲ್ಲಿ ಇರುವುದೇ 40 ದಿನ. ಅಂದರೆ ಅಂಥ ಔಷಧವನ್ನು 12ನೇ ದಿನದ ಮೇಲೆ ಮುಟ್ಟುವ ಹಾಗೇ ಇಲ್ಲ. 35ನೇ ದಿನ ಟ್ಯಾಂಕಿಗೆ ಸುರಿದು 38ನೇ ದಿನ ಲಾರಿ ಹತ್ತಿಸುವುದು ತಪ್ಪು, ಯಾರು ಹೇಳಿದರೂ ತಪ್ಪು. ಔಷಧ ಕಂಪನಿಯ ಕಡೆಯಿಂದಲೇ ಬಂದಿದ್ದರೆ ಅದರ ಹೆಸರು, ಕೊಟ್ಟ ದಿನ, ಪ್ರಮಾಣ ಒಂದು ಪುಸ್ತಕದಲ್ಲಿ ಬರೆದಿಡಿ. ನಾಳೆ ಪ್ರಶ್ನೆ ಬಂದರೆ ಆ ಪುಸ್ತಕವೇ ನಿಮ್ಮ ಸಾಕ್ಷಿ.

ಆ ಗೊಬ್ಬರವನ್ನು ಏನು ಮಾಡಲಿ?

ಶೆಡ್ಡಿನಿಂದ ತೆಗೆದು ನೇರ ಹೊಲಕ್ಕೆ ಬೇಡ. ರಾಶಿ ಹಾಕಿ, ಸ್ವಲ್ಪ ತೇವ ಮಾಡಿ, ಟಾರ್ಪಾಲ್ ಮುಚ್ಚಿ. ಒಳಗೆ ಕೈ ಇಡಲಾಗದಷ್ಟು ಬಿಸಿ ಏರಬೇಕು. ಕೆಲವು ವಾರಗಳಲ್ಲಿ ಒಂದೆರಡು ಸಲ ತಿರುವಿ ಹಾಕಿ ಹೊರಗಿನದು ಒಳಗೆ ಬರುವ ಹಾಗೆ ಮಾಡಿ. ಪೂರ್ತಿ ಹೋಗದಿದ್ದರೂ ರೋಗಾಣು ಬಹಳ ಕಡಿಮೆಯಾಗುತ್ತದೆ. ವಾಸನೆಯೂ ಇಳಿಯುವುದರಿಂದ ಪಕ್ಕದ ಮನೆಯವರ ಜಗಳವೂ ಕಡಿಮೆ.

ಚಿಕನ್ ಅಂಗಡಿಯಲ್ಲಿ ಏನು ನೋಡಿ ತಗೋಬೇಕು?

ಜಗ್ಗದ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ. ಬಣ್ಣ, ವಾಸನೆಯಿಂದಲೂ ತಿಳಿಯುವುದಿಲ್ಲ. ಅಂಗಡಿ ನೋಡಬಹುದು. ದಿಮ್ಮಿಯನ್ನು ದಿನಾ ಉಜ್ಜುತ್ತಾರಾ, ಅದ್ದುವ ಬಕೆಟ್ ನೀರು ಬದಲಾಯಿಸುತ್ತಾರಾ, ಕೊಯ್ಯುವ ಜಾಗ ಮತ್ತು ಕತ್ತರಿಸುವ ಜಾಗ ಬೇರೆ ಇದೆಯಾ, ಮಾಂಸ ಮುಟ್ಟಿದ ಕೈಯಲ್ಲೇ ದುಡ್ಡು ಎಣಿಸುತ್ತಾರಾ. ಸ್ಕಿನ್ ಬಿಡಿಸಿ ತಗೊಂಡರೆ ಮೇಲ್ಮೈಯ ಬ್ಯಾಕ್ಟೀರಿಯಾ ಸ್ವಲ್ಪ ಕಡಿಮೆ ಆಗಬಹುದು. ತರಕಾರಿ ಚೀಲದೊಳಗೆ ಆ ಕವರ್ ಹಾಕಬೇಡಿ, ಬೇರೆ ಕೈಯಲ್ಲಿ ಹಿಡಿಯಿರಿ.

ಇನ್ನೊಂದು ಮಾತು. "ಈ ಕೋಳಿ ಯಾವ ಫಾರಂದು, ಔಷಧ ನಿಲ್ಲಿಸಿ ಎಷ್ಟು ದಿನ ಆಯಿತು?" ಅಂತ ಕೇಳಿ ನೋಡಿ. ಮೊದಲ ಸಲ ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ನಮ್ಮ ಬೀದಿಯ ಅಂಗಡಿಯ ಹುಡುಗನೂ ಹಾಗೇ ನೋಡಿದ್ದ. ನಾಲ್ಕೈದು ಜನ ಕೇಳಿದ ಮೇಲೆ ಅವನು ಕೋಳಿ ತರುವ ವ್ಯಾನಿನವರನ್ನು ಕೇಳಲು ಶುರು ಮಾಡಿದ.